ನೀಲಿ ಹೂ ಬಿಡುವ ಹಲ್ಲುಕಾಳು

ಕಳೆದ ದಸರಾ ರಜೆಯಲ್ಲಿ ನಮ್ಮ ಮನೆಗೊಂದು ಲಕೋಟೆ ಬಂತು. ಒಳಗೆ ಹಳೇ ಪತ್ರಿಕೆಯ ಹಾಳೆಯಲ್ಲಿ ಕಟ್ಟಿದ ಪುಟ್ಟ ಪೊಟ್ಟಣ. ಬಿಚ್ಚಿ ಅಂಗೈಗೆ ಸುರಿದುಕೊಂಡರೆ ಬರೀ ಇಪ್ಪತ್ತು ಕಾಳು. ಬಟಾಣಿಯ ಹಾಗೆ ಗುಂಡಗಿಲ್ಲ, ಅವರೆಯ ಹಾಗೆ ಚಪ್ಪಟೆಯಾಗಿಯೂ ಇಲ್ಲ. ಒಂದು ಕಡೆ ದಪ್ಪ, ಇನ್ನೊಂದು ಕಡೆ ಕೊಡಲಿಯ ಬಾಯಿಯ ಹಾಗೆ ತೆಳು. ಬೂದು ಮೈಮೇಲೆ ಕಂದು ಚುಕ್ಕಿ.

“ಅತ್ತೆ, ಹಲ್ಲು!” ಎಂದಳು ಪುಟ್ಟಿ.

ಪುಟ್ಟಿ ನನ್ನ ಅಣ್ಣನ ಮಗಳು. ಎರಡು ಬೀದಿ ಆಚೆ ಅವರ ಮನೆ. ಅವಳಿಗೆ ಆಗ ಹಲ್ಲು ಬೀಳುವ ಕಾಲ. ಹಿಂದಿನ ವಾರವಷ್ಟೇ ಒಂದು ಹಾಲುಹಲ್ಲನ್ನು ಸೆಗಣಿಯಲ್ಲಿಟ್ಟು ಹೆಂಚಿನ ಮೇಲೆ ಎಸೆದು ಬಂದಿದ್ದಳು. ಹಾಗಾಗಿ ಏನು ನೋಡಿದರೂ ಅವಳಿಗೆ ಹಲ್ಲೇ ಕಾಣುತ್ತಿತ್ತು. ಆದರೆ ಈ ಸಲ ಅವಳು ಹೇಳಿದ್ದು ತಮಾಷೆಯಲ್ಲ. ಸ್ಪೇನ್ ದೇಶದ ರೈತರೂ ಈ ಕಾಳನ್ನು ನೋಡಿ ಹಾಗೇ ಅಂದುಕೊಂಡಿದ್ದಾರೆ. ಅವರು ಇದಕ್ಕೆ ಇಟ್ಟ ಹೆಸರುಗಳಲ್ಲಿ ಒಂದು ‘ಮುವೇಲಾ’. ಹಾಗೆಂದರೆ ದವಡೆ ಹಲ್ಲು. ಅಂದಿನಿಂದ ನಮ್ಮ ಮನೆಯಲ್ಲಿ ಇದರ ಹೆಸರು ಹಲ್ಲುಕಾಳು.

ನಿಜವಾದ ಹೆಸರು ಬೇರೆ ಇದೆ. 1753ರಲ್ಲಿ ಕಾರ್ಲ್ ಲಿನೇಯಸ್ ಎಂಬ ಸ್ವೀಡನ್ನಿನ ಸಸ್ಯವಿಜ್ಞಾನಿ ಇದನ್ನು ‘ಲ್ಯಾಥಿರಸ್ ಸಟೈವಸ್’ ಎಂದು ಕರೆದ. ‘ಸಟೈವಸ್’ ಎಂದರೆ ಜನ ಬಿತ್ತಿ ಬೆಳೆಯುವುದು. ಇಂಗ್ಲೆಂಡಿನ ತೋಟಗಾರರು ಇದರ ನೀಲಿ ಹೂವಿನ ತಳಿಯನ್ನು ‘ಅಝೂರಿಯಸ್’ ಎಂದು ಕರೆದು, ಹೂವಿಗಾಗಿಯೇ ಬೆಳೆಸುತ್ತಾರೆ. ಛತ್ತೀಸಗಡದಲ್ಲಿ ಇದು ‘ತಿವಡಾ’. ನನ್ನ ಗೆಳತಿಯೊಬ್ಬಳು ರಾಯಪುರದ ಕಡೆ ಕೆಲಸ ಮಾಡುತ್ತಾಳೆ. ಕಾಳು ಕಳಿಸಿದವಳು ಅವಳೇ. ನಮ್ಮ ಕಡೆ ಇದಕ್ಕಿರುವ ಹೆಸರು ಕೇಳಿದರೆ ನಿಮ್ಮಲ್ಲಿ ಕೆಲವರು “ಓ, ಅದಾ!” ಅನ್ನಬಹುದು. ಕೇಸರಿ ಬೇಳೆ. ಶಾಲೆಯಲ್ಲಿ ಆಹಾರ ಕಲಬೆರಕೆಯ ಪಾಠ ಬಂದಾಗ, ತೊಗರಿಬೇಳೆ ಕಡಲೆಬೇಳೆಗಳಿಗೆ ಬೆರೆಸುತ್ತಾರೆ ಎಂದು ಹೆಸರು ಬರುತ್ತದಲ್ಲ, ಅದೇ. ಇದಕ್ಕೂ ಕೇಸರಿಬಾತಿಗೂ ಏನೇನೂ ಸಂಬಂಧವಿಲ್ಲ. ಪುಟ್ಟಿ ಇದನ್ನು ಮೂರು ಸಲ ಕೇಳಿ ಖಚಿತ ಮಾಡಿಕೊಂಡಳು.

ನಮ್ಮಮ್ಮ, ಅಂದರೆ ಪುಟ್ಟಿಯ ಅಜ್ಜಿ, ಅಡುಗೆಮನೆಯಿಂದಲೇ ಕೂಗಿದರು: “ಏನೇ ಅದು, ಬೇಳೆನಾ? ತೊಳೆದು ಒಣಗಿಸಿಡ್ಲಾ?”

“ಬೇಡಮ್ಮಾ, ಮುಟ್ಟಬೇಡ. ಅದು ತಿನ್ನೋದಲ್ಲ!”

ಪುಟ್ಟಿಯ ಕಣ್ಣು ಅರಳಿತು. ತಿನ್ನಬಾರದ ಬೇಳೆ! ಅದನ್ನು ಬಿತ್ತಲೇಬೇಕು ಎಂದು ಅವಳು ಆ ಕ್ಷಣವೇ ತೀರ್ಮಾನಿಸಿದಳು. ಯಾಕೆ ತಿನ್ನಬಾರದು ಎನ್ನುವುದನ್ನು ಆಮೇಲೆ ಹೇಳುತ್ತೇನೆ. ಗಿಡವನ್ನು ನೋಡುವ ಮೊದಲೇ ಅದರ ಮೇಲೆ ಕೆಟ್ಟ ಹೆಸರು ಹೊರಿಸುವುದು ನನಗೆ ಇಷ್ಟವಿಲ್ಲ.

ಇದು ಚಳಿಗಾಲದ ಬೆಳೆ. ಮಳೆ ಕಡಿಮೆಯಾಗಿ ಬೆಳಗಿನ ಹೊತ್ತು ಹಿತವಾದ ಚಳಿ ಶುರುವಾಗುವ ಅಕ್ಟೋಬರ್, ನವೆಂಬರ್ ನಮ್ಮಲ್ಲಿ ಬಿತ್ತನೆಗೆ ಸರಿಯಾದ ಕಾಲ. ಬೇಸಿಗೆಯ ಬಿಸಿಲು ಬರುವಷ್ಟರಲ್ಲಿ ಹೂಬಿಟ್ಟು, ಕಾಯಾಗಿ, ಒಣಗಿ, ತನ್ನ ಕೆಲಸ ಮುಗಿಸಿಬಿಡುತ್ತದೆ. ಒಂದೇ ವರ್ಷದ, ಒಂದೇ ಹಂಗಾಮಿನ ಗಿಡ. ನಿಮ್ಮ ಬೇಲಿಯ ಮೇಲಿರುವ ಶಂಖಪುಷ್ಪದ ಹಾಗೆ ವರ್ಷಗಟ್ಟಲೆ ಹಬ್ಬಿಕೊಂಡಿರುವುದಿಲ್ಲ.

ಕಾಳುಗಳನ್ನು ರಾತ್ರಿಯಿಡೀ ನೀರಿನಲ್ಲಿ ನೆನೆಸಿದೆವು. ಬೆಳಗ್ಗೆ ನೋಡಿದರೆ ಹದಿನೇಳು ಉಬ್ಬಿದ್ದವು, ಮೂರು ಹಾಗೇ ಕಲ್ಲಿನಂತೆ ಕೂತಿದ್ದವು. ಅವುಗಳ ಸಿಪ್ಪೆ ಗಟ್ಟಿ, ನೀರು ಒಳಗೆ ಹೋಗಿಲ್ಲ. ಉಗುರು ಉಜ್ಜುವ ಅರದಿಂದ ಸಿಪ್ಪೆಯನ್ನು ಒಂದು ಕಡೆ ಮೆಲ್ಲಗೆ ಉಜ್ಜಿ ಮತ್ತೆ ನೆನೆಸಿದೆವು. ಸಂಜೆಗೆ ಅವೂ ಉಬ್ಬಿದವು. ಒಂದು ಗಿಡದ ಕಾಳುಗಳಲ್ಲಿ ಕೆಲವು ಬೇಗ ಮೊಳೆಯುವುದು, ಕೆಲವು ತಡ ಮಾಡುವುದು ಸೋಮಾರಿತನವಲ್ಲ. ಎಲ್ಲವೂ ಒಟ್ಟಿಗೇ ಮೊಳೆತು ಮರುದಿನವೇ ಮಳೆ ಕೈಕೊಟ್ಟರೆ? ಒಂದಿಷ್ಟು ಕಾಳು ಹಿಂದೆ ಉಳಿದಿದ್ದರೆ ಮುಂದಿನ ಮಳೆಗೆ ಅವು ಇರುತ್ತವೆ.

ಕುಂಡಕ್ಕೆ ಕೆಂಪುಮಣ್ಣು, ಕೊಟ್ಟಿಗೆ ಗೊಬ್ಬರ, ಸ್ವಲ್ಪ ಮರಳು. ಜೊತೆಗೆ ಒಂದು ಗುಟ್ಟಿನ ವಸ್ತು. ಬಟಾಣಿ ಬೆಳೆದಿದ್ದ ಹೊಲದಿಂದ ಎರಡು ಬೊಗಸೆ ಮಣ್ಣು ತರಿಸಿದ್ದೆ. “ಮಣ್ಣಿಗೆ ಮಣ್ಣು ಯಾಕೆ?” ಎಂದು ಪುಟ್ಟಿ ಕೇಳಿದಳು. ಅದಕ್ಕೂ ಉತ್ತರ ಬರುತ್ತದೆ, ತಾಳಿ. ಒಂದು ಬೆರಳು ಗೆಣ್ಣಿನಷ್ಟು ಆಳಕ್ಕೆ ಕಾಳು ಊರಿ, ಪಕ್ಕದ ಕುಂಡದಲ್ಲಿ ಬೇಕೆಂದೇ ನಾಲ್ಕು ಹೆಸರುಕಾಳನ್ನೂ ಹಾಕಿದೆವು. ರಾತ್ರಿ ಕಳೆಯುವಷ್ಟರಲ್ಲಿ ಅಳಿಲು ಬಂದು ಎರಡು ಹಲ್ಲುಕಾಳನ್ನು ಎತ್ತಿಕೊಂಡು ಹೋಗಿತ್ತು. ತಿಂದಿತೋ ಬಿಟ್ಟಿತೋ, ಮರುದಿನವೂ ಅದು ಮಾವಿನ ಮರದ ಮೇಲೆ ಎಂದಿನಂತೆ ಕಿಚಗುಟ್ಟುತ್ತಿತ್ತು.

ಒಂದು ವಾರ ಕಳೆದ ಮೇಲೆ ಪುಟ್ಟಿ ಒಂದು ವಿಷಯ ಕಂಡುಹಿಡಿದಳು. ನಾನು ಹೇಳಿಕೊಟ್ಟಿರಲಿಲ್ಲ. ಹೆಸರುಕಾಳಿನ ಗಿಡ ತನ್ನ ಎರಡು ಬೇಳೆಗಳನ್ನೂ ತಲೆಯ ಮೇಲೆ ಹೊತ್ತುಕೊಂಡು ಮಣ್ಣಿನಿಂದ ಎದ್ದಿತ್ತು. ಹಲ್ಲುಕಾಳಿನದು ಬರೀ ಹಸಿರು ಕುಡಿ. ಬೇಳೆ ಎಲ್ಲೂ ಇಲ್ಲ.

“ಬೇಳೆ ಎಲ್ಲಿ ಹೋಯ್ತು, ಅತ್ತೆ?”

ಒಂದು ಮೊಳಕೆಯ ಬುಡದಲ್ಲಿ ಹಲ್ಲುಕಡ್ಡಿಯಿಂದ ಮಣ್ಣು ಸರಿಸಿ ನೋಡಿದೆವು. ಎರಡೂ ಬೇಳೆ ಮಣ್ಣಿನೊಳಗೇ ಕೂತಿದ್ದವು. ಅವು ಬುತ್ತಿ ಗಂಟು. ಹೆಸರು ಗಿಡ ಬುತ್ತಿಯನ್ನು ಹೊತ್ತು ಹೊರಡುತ್ತದೆ, ಹಲ್ಲುಕಾಳು ಬುತ್ತಿಯನ್ನು ಮನೆಯಲ್ಲಿಟ್ಟು ಹೊರಡುತ್ತದೆ. ಬಟಾಣಿ, ತೊಗರಿ, ಕಡಲೆಯದೂ ಇದೇ ಪದ್ಧತಿ. ಇದರಲ್ಲಿ ಒಂದು ಲಾಭವಿದೆ. ಮೇಲೆ ಬಂದ ಕುಡಿಯನ್ನು ಹಕ್ಕಿಯೋ ಹುಳುವೋ ಕಚ್ಚಿ ತಿಂದರೂ ಬುತ್ತಿ ಕೆಳಗೆ ಭದ್ರವಾಗಿರುತ್ತದೆ, ಪಕ್ಕದಿಂದ ಇನ್ನೊಂದು ಕುಡಿ ಬರಬಹುದು. ನಿಮ್ಮ ಮನೆಯಲ್ಲಿ ಹೆಸರುಕಾಳನ್ನೂ ಕಡಲೆಯನ್ನೂ ಒಂದೇ ಕುಂಡದಲ್ಲಿ ಹಾಕಿ ನೋಡಿ. ಪಾಠದ ಚಿತ್ರಕ್ಕಿಂತ ಚೆನ್ನಾಗಿ ಗೊತ್ತಾಗುತ್ತದೆ.

ಗಿಡ ಗೇಣುದ್ದ ಆಗುವಾಗ ಅದರ ಕಾಂಡವನ್ನು ಮುಟ್ಟಿ ನೋಡಬೇಕು. ಗುಂಡಗಿರುವುದಿಲ್ಲ. ಎರಡೂ ಪಕ್ಕದಲ್ಲಿ ತೆಳುವಾದ ಹಸಿರು ಅಂಚು, ಸೀರೆಗೆ ಫಾಲ್ ಹೊಲಿದ ಹಾಗೆ. ಎಲೆ ಹುಲ್ಲಿನಂತೆ ಸಪೂರ. ಅದಕ್ಕೇ ಇಂಗ್ಲಿಷಿನವರು ಇದನ್ನು ಗ್ರಾಸ್ ಪೀ, ಅಂದರೆ ಹುಲ್ಲು ಬಟಾಣಿ ಎನ್ನುತ್ತಾರೆ. ಎಲೆಗಳು ಜೋಡಿ ಜೋಡಿ. ಜೋಡಿಯ ನಡುವಿನಿಂದ ನೂಲಿನಂಥ ಕುಡಿಗಳು ಹೊರಟು ಗಾಳಿಯಲ್ಲಿ ಏನನ್ನೋ ಹುಡುಕುತ್ತಿರುತ್ತವೆ.

ಈ ಕುಡಿಗಳ ಜೊತೆ ಆಡಬಹುದು. ಒಂದು ತೆಳು ಕಡ್ಡಿಯಿಂದ ಕುಡಿಯ ಒಂದೇ ಪಕ್ಕವನ್ನು ನಾಲ್ಕೈದು ಸಲ ಹಗುರವಾಗಿ ಸವರಿ, ನಿಮ್ಮ ಹೋಮ್‌ವರ್ಕ್ ಮುಗಿಸಿ ಬನ್ನಿ. ಮುಟ್ಟಿದ ಕಡೆಗೆ ಅದು ಬಾಗಿರುತ್ತದೆ. ಮುಟ್ಟಿದ ಪಕ್ಕ ನಿಧಾನವಾಗಿ, ಅದರ ಎದುರು ಪಕ್ಕ ಬೇಗ ಬೆಳೆಯುವುದರಿಂದ ಕುಡಿ ತಿರುಚಿಕೊಳ್ಳುತ್ತದೆ. ಕೈಯಿಲ್ಲ, ಕಣ್ಣಿಲ್ಲ, ಆದರೂ ಕಡ್ಡಿ ಎಲ್ಲಿದೆ ಎಂದು ಅದಕ್ಕೆ ಗೊತ್ತು. ಚಾರ್ಲ್ಸ್ ಡಾರ್ವಿನ್ ಹೆಸರು ಕೇಳಿರುತ್ತೀರಿ. ಆತ ಕಾಯಿಲೆ ಬಿದ್ದು ಮನೆಯಲ್ಲೇ ಇರಬೇಕಾಗಿ ಬಂದಾಗ, ಕೋಣೆಯಲ್ಲಿ ಕುಂಡಗಳನ್ನಿಟ್ಟುಕೊಂಡು ಬಳ್ಳಿಗಳ ಕುಡಿ ಎತ್ತ ತಿರುಗುತ್ತದೆ, ಎಷ್ಟು ಹೊತ್ತಿಗೆ ಒಂದು ಸುತ್ತು ಬರುತ್ತದೆ ಎಂದು ಗಡಿಯಾರ ಹಿಡಿದು ನೋಡುತ್ತಿದ್ದ. ಬಟಾಣಿಯ ಕುಡಿಯನ್ನೂ ನೋಡಿದ್ದ. 1865ರಲ್ಲಿ ಅದನ್ನೆಲ್ಲ ಬರೆದು ಪ್ರಕಟಿಸಿದ. ಅಷ್ಟು ದೊಡ್ಡ ವಿಜ್ಞಾನಿ ಮಾಡಿದ ಈ ಕೆಲಸಕ್ಕೆ ಬೇಕಾದದ್ದು ಒಂದು ಗಿಡ, ಒಂದು ಗಡಿಯಾರ, ಬೇಕಾದಷ್ಟು ತಾಳ್ಮೆ. ಮೊದಲ ಎರಡು ನಮ್ಮಲ್ಲಿದ್ದವು.

ಡಿಸೆಂಬರ್ ಮೊದಲ ವಾರ ಒಂದು ಗಿಡವನ್ನು ಬಲಿಕೊಡಬೇಕಾಯಿತು. ಬುಡಸಹಿತ ಮೆಲ್ಲಗೆ ಕಿತ್ತು, ಬಕೆಟ್ ನೀರಿನಲ್ಲಿ ಬೇರು ತೊಳೆದೆವು. ಬೇರಿನುದ್ದಕ್ಕೂ ಸಾಸಿವೆ ಕಾಳಿನಂಥ ಗಂಟುಗಳು. ಪುಟ್ಟಿ ಒಂದನ್ನು ಉಗುರಿನಿಂದ ಸೀಳಿದಳು. ಒಳಗೆ ನಸುಗೆಂಪು.

“ಗಿಡಕ್ಕೂ ರಕ್ತ ಇರುತ್ತಾ?”

ಒಳ್ಳೆಯ ಪ್ರಶ್ನೆ. ಉತ್ತರ: ಇಲ್ಲ, ಆದರೆ ಅದರ ನೆಂಟ ಇದೆ. ಈ ಗಂಟುಗಳೊಳಗೆ ರೈಜೋಬಿಯಂ ಎಂಬ ಬ್ಯಾಕ್ಟೀರಿಯಾಗಳು ಬಾಡಿಗೆಗಿರುತ್ತವೆ. ಗಾಳಿಯಲ್ಲಿ ಐದರಲ್ಲಿ ಸುಮಾರು ನಾಲ್ಕು ಪಾಲು ಸಾರಜನಕವೇ ಇದ್ದರೂ ಗಿಡಗಳು ಅದನ್ನು ನೇರವಾಗಿ ಬಳಸಲಾರವು. ಹಬ್ಬದೂಟದ ಮುಂದೆ ಬಾಯಿ ಕಟ್ಟಿ ಕೂರಿಸಿದ ಹಾಗೆ. ಈ ಬ್ಯಾಕ್ಟೀರಿಯಾಗಳು ಸಾರಜನಕವನ್ನು ಹಿಡಿದು ಗಿಡಕ್ಕೆ ಬೇಕಾದ ರೂಪಕ್ಕೆ ತಂದುಕೊಡುತ್ತವೆ. ಬಾಡಿಗೆಯ ಬದಲಿಗೆ ಕೆಲಸ, ಕೆಲಸದ ಬದಲಿಗೆ ಗಿಡ ಮಾಡಿದ ಸಕ್ಕರೆ. ಆದರೆ ಈ ಕೆಲಸಕ್ಕೆ ಆಮ್ಲಜನಕ ಹೆಚ್ಚಾದರೆ ತೊಂದರೆ. ಅದನ್ನು ಹಿಡಿದು ಅಳತೆಯಲ್ಲಿ ಬಿಡುವ ಒಂದು ಕೆಂಪು ವಸ್ತು ಗಂಟಿನಲ್ಲಿದೆ, ಹೆಸರು ಲೆಗ್‌ಹಿಮೊಗ್ಲೋಬಿನ್. ನಮ್ಮ ರಕ್ತವನ್ನು ಕೆಂಪಾಗಿಸಿರುವ ಹಿಮೊಗ್ಲೋಬಿನ್ನಿನ ದೂರದ ದಾಯಾದಿ. ಗಂಟಿನೊಳಗೆ ಕೆಂಪು ಕಂಡರೆ ಕಾರ್ಖಾನೆ ನಡೆಯುತ್ತಿದೆ ಎಂದು ಅರ್ಥ. ಹಸಿರೋ ಕಂದೋ ಆಗಿದ್ದರೆ ಬಾಗಿಲು ಹಾಕಿದೆ.

ಈಗ ಬಟಾಣಿ ಹೊಲದ ಮಣ್ಣಿನ ಗುಟ್ಟು. ಎಲ್ಲ ರೈಜೋಬಿಯಂ ಎಲ್ಲ ಗಿಡಕ್ಕೂ ಆಗುವುದಿಲ್ಲ. ಅವರೆ, ಅಲಸಂದೆಯ ಬೇರಿಗೆ ಬರುವ ಬಾಡಿಗೆದಾರರು ಬೇರೆ. ಹಲ್ಲುಕಾಳಿಗೆ ಬಟಾಣಿ ಮತ್ತು ಮಸೂರದ ಬೇರಿಗೆ ಬರುವವರೇ ಬೇಕು. ನಮ್ಮ ಕುಂಡದ ಮಣ್ಣಿನಲ್ಲಿ ಅವರು ಇರುತ್ತಾರೋ ಇಲ್ಲವೋ ಎಂದು ಎರಡು ಬೊಗಸೆ ಮಣ್ಣಿನ ಜೊತೆ ಕರೆತಂದಿದ್ದೆವು.

ಮೊದಲ ಹೂವು ಅರಳಿದ್ದು ಒಂದು ಭಾನುವಾರ ಬೆಳಗ್ಗೆ.

ನಾನು ಈ ಹೂವಿನ ಚಿತ್ರ ನೋಡಿದ್ದೆ. ಆದರೂ ಸಿದ್ಧಳಿರಲಿಲ್ಲ. ಅದು ಆಕಾಶದ ನೀಲಿಯಲ್ಲ, ಶಂಖಪುಷ್ಪದ ಗಾಢ ನೀಲಿಯೂ ಅಲ್ಲ. ನವಿಲಿನ ಕತ್ತಿನಲ್ಲಿ ನೀಲಿ ಮುಗಿದು ಹಸಿರು ಶುರುವಾಗುವ ಜಾಗವಿದೆಯಲ್ಲ, ಆ ಬಣ್ಣವನ್ನು ಸ್ವಲ್ಪ ಹಾಲಿನಲ್ಲಿ ಕಲಸಿದ ಹಾಗೆ. ಮೇಲಿನ ಎಸಳಿನ ಮೇಲೆ ಸೂಜಿಯಿಂದ ಗೀರಿದಂತೆ ಕಡುನೀಲಿ ಗೆರೆಗಳು. ಇಡೀ ಹೂವು ಅಂಗಿಯ ಗುಂಡಿಗಿಂತ ತುಸು ದೊಡ್ಡದು, ಅಷ್ಟೇ. ಗೊಂಚಲಿಲ್ಲ, ಒಂದು ತೊಟ್ಟಿಗೆ ಒಂದೇ ಹೂ.

ಪುಟ್ಟಿ ಶಂಖಪುಷ್ಪದ ಹೂವೊಂದನ್ನು ಕಿತ್ತು ತಂದು ಪಕ್ಕದಲ್ಲಿ ಹಿಡಿದಳು. ಎರಡೂ ಬಟಾಣಿಯ ಬಳಗದವೇ, ಆದ್ದರಿಂದ ಇಬ್ಬರಿಗೂ ಐದು ಎಸಳು. ದೊಡ್ಡದೊಂದು ಬಾವುಟದ ಹಾಗೆ. ಎರಡು ರೆಕ್ಕೆಯ ಹಾಗೆ. ಉಳಿದೆರಡು ಅಂಟಿಕೊಂಡು ದೋಣಿಯ ಹಾಗೆ. ಸಸ್ಯವಿಜ್ಞಾನಿಗಳೂ ಅವನ್ನು ಬಾವುಟ, ರೆಕ್ಕೆ, ದೋಣಿ ಎಂದೇ ಕರೆಯುತ್ತಾರೆ. ಇಷ್ಟಾಗಿಯೂ ಎರಡು ಹೂವು ಒಂದೇ ಥರ ಕಾಣುವುದಿಲ್ಲ, ಯಾಕೆ? ಪುಟ್ಟಿ ಬಹಳ ಹೊತ್ತು ತಲೆ ಓರೆ ಮಾಡಿ ನೋಡಿದಳು. ಆಮೇಲೆ ತಾನೇ ಸೊಂಟ ಬಗ್ಗಿಸಿ ಕಾಲಸಂದಿಯಿಂದ ನೋಡಿದಳು. “ಇದು ತಲೆಕೆಳಗು!”

ಹೌದು. ಹಲ್ಲುಕಾಳಿನ ಹೂವಿನಲ್ಲಿ ಬಾವುಟ ಮೇಲೆ, ದೋಣಿ ಕೆಳಗೆ. ಶಂಖಪುಷ್ಪ ತಿರುಗಿ ನಿಂತಿದೆ: ಬಾವುಟ ಕೆಳಗೆ ಚಾಪೆಯಂತೆ ಹಾಸಿದೆ, ದೋಣಿ ಮೇಲಿದೆ. ದುಂಬಿಯ ಲೆಕ್ಕದಲ್ಲಿ ಇದು ಸಣ್ಣ ವ್ಯತ್ಯಾಸವಲ್ಲ. ಹಲ್ಲುಕಾಳಿನ ಹೂವಿಗೆ ಬಂದ ದುಂಬಿಯ ಹೊಟ್ಟೆಗೆ ಪರಾಗ ಮೆತ್ತಿಕೊಳ್ಳುತ್ತದೆ. ಶಂಖಪುಷ್ಪಕ್ಕೆ ಹೋದರೆ ಬೆನ್ನಿಗೆ.

ಹೂವಿನ ಎರಡು ರೆಕ್ಕೆಗಳನ್ನು ಬೆರಳಿನಿಂದ ಮೆಲ್ಲಗೆ ಕೆಳಕ್ಕೆ ಒತ್ತಿ ನೋಡಿ. ದುಂಬಿ ಕೂತಾಗ ಆಗುವುದೂ ಇದೇ. ದೋಣಿಯೂ ಜೊತೆಗೆ ಬಗ್ಗುತ್ತದೆ, ಒಳಗೆ ಅಡಗಿದ್ದ ಕೇಸರಗಳು ಇಣುಕುತ್ತವೆ. ಎಣಿಸಿದರೆ ಹತ್ತು. ಅದರಲ್ಲಿ ಒಂಬತ್ತು ಬುಡದಲ್ಲಿ ಕೂಡಿಕೊಂಡು ಕೊಳವೆಯಾಗಿವೆ. ಹತ್ತನೆಯದು ಮಾತ್ರ ಬೇರೆ ನಿಂತಿದೆ. ಜಗಳವಾಡಿಕೊಂಡು ಅಲ್ಲ. ಮಕರಂದ ಇರುವುದು ಆ ಕೊಳವೆಯ ಬುಡದಲ್ಲಿ. ಹತ್ತೂ ಕೂಡಿಕೊಂಡರೆ ದುಂಬಿಯ ನಾಲಿಗೆ ಹೋಗಲು ದಾರಿಯೇ ಇರುವುದಿಲ್ಲ. ಒಂದು ಕೇಸರ ಬೇರೆ ನಿಂತದ್ದರಿಂದ ಅದರ ಅಕ್ಕಪಕ್ಕ ಎರಡು ಸಂದು ಆಗಿದೆ.

ತಮಾಷೆಯೆಂದರೆ, ಇಷ್ಟೆಲ್ಲ ಏರ್ಪಾಡು ಮಾಡಿಕೊಂಡ ಹೂವು ದುಂಬಿಗಾಗಿ ಕಾಯುವುದೇ ಇಲ್ಲ. ಹೆಚ್ಚಿನ ಸಲ ಅರಳುವ ಮೊದಲೇ, ಮೊಗ್ಗಿನೊಳಗೇ ತನ್ನ ಪರಾಗದಿಂದ ತಾನೇ ಕಾಯಿ ಕಟ್ಟುವ ಕೆಲಸ ಮುಗಿಸಿಕೊಂಡಿರುತ್ತದೆ. ದುಂಬಿ ಬಂದರೆ ಸಂತೋಷ, ಬರದಿದ್ದರೂ ಊಟ ತಯಾರು. ನಮ್ಮಜ್ಜಿ ಹೀಗೇ ಇದ್ದರು.

ಮತ್ತೆ ಈ ನೀಲಿ ಯಾರಿಗಾಗಿ? ಜೇನಿನ ಕಣ್ಣಿಗೆ ಕೆಂಪು ಬಣ್ಣವಾಗಿ ಕಾಣುವುದಿಲ್ಲ. ನೀಲಿ, ಹಸಿರು, ನಮಗೆ ಕಾಣದ ಅತಿನೇರಳೆ ಅದಕ್ಕೆ ಕಾಣುತ್ತವೆ. ಜೇನಿಗೆ ಬಣ್ಣ ಕಾಣುತ್ತದೆ ಎಂದು ಹೇಗೆ ಗೊತ್ತಾಯಿತು ಎಂಬುದು ಸೊಗಸಾದ ಕತೆ. ಕಾರ್ಲ್ ಫಾನ್ ಫ್ರಿಶ್ ಎಂಬ ವಿಜ್ಞಾನಿ ಒಂದು ನೀಲಿ ರಟ್ಟಿನ ಮೇಲೆ ಸಕ್ಕರೆ ನೀರಿಟ್ಟು ಜೇನುಗಳನ್ನು ಅಭ್ಯಾಸ ಮಾಡಿಸಿದ. ಆಮೇಲೆ ತಿಳಿಬೂದಿಯಿಂದ ಕಡುಬೂದಿಯವರೆಗೆ ಹಲವು ರಟ್ಟುಗಳ ನಡುವೆ ಒಂದು ಹೊಸ ನೀಲಿ ರಟ್ಟನ್ನಿಟ್ಟ, ಬಟ್ಟಲು ಖಾಲಿ. ಜೇನುಗಳು ನೇರವಾಗಿ ನೀಲಿಗೇ ಬಂದವು. ಬಣ್ಣ ಕಾಣದೆ ಬರೀ ಮಂಕು-ಬೆಳಕು ಕಾಣುತ್ತಿದ್ದರೆ, ಯಾವುದೋ ಒಂದು ಬೂದಿ ರಟ್ಟನ್ನು ನೀಲಿಯೆಂದು ತಪ್ಪು ತಿಳಿಯಬೇಕಿತ್ತು. ಇದನ್ನು ಆತ ಪ್ರಕಟಿಸಿದ್ದು 1914ರಲ್ಲಿ. ಮುಂದೆ 1973ರಲ್ಲಿ ಆತನಿಗೆ ನೊಬೆಲ್ ಬಂತು. ರಟ್ಟು, ಬಟ್ಟಲು, ಸಕ್ಕರೆ ನೀರು!

ಇನ್ನು ಬಣ್ಣ ಎಲ್ಲಿಂದ ಬಂತು? ಎಸಳಿನ ಜೀವಕೋಶಗಳೊಳಗಿನ ರಸದಲ್ಲಿ ಆಂಥೋಸಯನಿನ್ ಎಂಬ ಬಣ್ಣಗಳು ಕರಗಿರುತ್ತವೆ. ಬದನೆಕಾಯಿಯ ಸಿಪ್ಪೆ, ನೇರಳೆ ಹಣ್ಣು, ಕೆಂಪು ದಾಸವಾಳ, ಎಲ್ಲದರಲ್ಲೂ ಈ ಬಳಗದವೇ. ಕೆಂಪಾಗುವುದು ಸುಲಭ, ನೀಲಿಯಾಗುವುದು ಕಷ್ಟ. ಬಣ್ಣದ ಅಣು ಸರಿಯಾದ ಜಾತಿಯದಾಗಿರಬೇಕು, ರಸದಲ್ಲಿ ಹುಳಿ ಕಡಿಮೆಯಿರಬೇಕು, ಜೊತೆಗೆ ಕೈ ಹಿಡಿಯುವ ಬೇರೆ ಅಣುಗಳೂ ಬೇಕು. ಅದಕ್ಕೇ ನಿಜವಾದ ನೀಲಿ ಹೂಗಳು ಕಡಿಮೆ. ಹುಳಿಯ ಆಟ ನೋಡಬೇಕಾದರೆ ಹಲ್ಲುಕಾಳಿನ ಪುಟ್ಟ ಹೂವನ್ನು ಕೀಳಬೇಡಿ. ಶಂಖಪುಷ್ಪದ ಆರೇಳು ಹೂಗಳನ್ನು ಬಿಸಿನೀರಿಗೆ ಹಾಕಿ. ನೀರು ನೀಲಿಯಾಗುತ್ತದೆ. ಒಂದು ಲೋಟಕ್ಕೆ ನಿಂಬೆರಸ ಹಿಂಡಿದರೆ ನೇರಳೆ, ಇನ್ನೂ ಹಿಂಡಿದರೆ ಗುಲಾಬಿ ಕಡೆಗೆ. ಇನ್ನೊಂದು ಲೋಟಕ್ಕೆ ಅಡುಗೆ ಸೋಡಾ ಹಾಕಿದರೆ ಹಸಿರು. ಪುಟ್ಟಿ ಇದನ್ನು ಅವಳ ಅಪ್ಪನಿಗೆ ಮಂತ್ರ ಹೇಳಿ ಮಾಡಿ ತೋರಿಸಿ ಇಪ್ಪತ್ತು ರೂಪಾಯಿ ಸಂಪಾದಿಸಿದಳು.

ಹೂವು ಉದುರಿ ಕಾಯಿ ಮೂಡಿತು. ಚಪ್ಪಟೆ, ಎರಡು ಬೆರಳ ಅಗಲದಷ್ಟು ಉದ್ದ. ಬೆನ್ನ ಮೇಲೆ ಎರಡು ಸಣ್ಣ ಏಣು. ನಡುವೆ ಕುಡಿಗಳಿಗೆಲ್ಲ ಹೇನು ಹತ್ತಿ ಒಂದು ವಾರ ಬೆಳಗ್ಗೆ ಬೆಳಗ್ಗೆ ನೀರು ಚಿಮ್ಮಿಸಿ ತೊಳೆದದ್ದಾಯಿತು. ಎಳೆಗಾಯಿ ನೋಡಿದ ಪುಟ್ಟಿ ಕೇಳಿಯೇ ಕೇಳಿದಳು: “ಒಂದೇ ಒಂದು ತಿಂದ್ರೆ ಏನಾಗತ್ತೆ?”

ಒಂದು ತಿಂದರೆ ಏನೂ ಆಗುವುದಿಲ್ಲ. ಛತ್ತೀಸಗಡದಲ್ಲಿ ಎಳೆಯ ಎಲೆಯನ್ನು ಸೊಪ್ಪಿನ ಪಲ್ಯ ಮಾಡಿ ತಿನ್ನುತ್ತಾರೆ. ಸ್ಪೇನಿನಲ್ಲಿ ಹಿಟ್ಟಿನ ಗಂಜಿ ಮಾಡುತ್ತಾರೆ. ಕಾಳಿನಲ್ಲಿ ಸುಮಾರು ನಾಲ್ಕನೇ ಒಂದು ಪಾಲು ಪ್ರೋಟೀನು. ಆದರೆ ಬೇರೇನೂ ಸಿಗದೆ ಎರಡು ಮೂರು ತಿಂಗಳು ದಿನವೂ ಇದನ್ನೇ ಹೊಟ್ಟೆ ತುಂಬ ತಿಂದವರಲ್ಲಿ ಕೆಲವರ ಕಾಲುಗಳು ಸೆಟೆದುಕೊಂಡುಬಿಡುತ್ತವೆ. ನಡೆಯಲು ಕೋಲು ಬೇಕಾಗುತ್ತದೆ. ಆಮೇಲೆ ಅದು ವಾಸಿಯಾಗುವುದಿಲ್ಲ. ಈ ಕಾಯಿಲೆಗೆ ಲ್ಯಾಥಿರಿಸಂ ಎನ್ನುತ್ತಾರೆ.

ಯಾರು ಹಾಗೆ ಬರೀ ಒಂದೇ ಕಾಳು ತಿನ್ನುತ್ತಾರೆ? ಈಗ ಮಧ್ಯಪ್ರದೇಶದಲ್ಲಿರುವ ಸಾಗರದ ಕಡೆ 1829ರಿಂದ ಮೂರು ವರ್ಷ ಸತತ ಕೇಡಾಯಿತು. ಒಮ್ಮೆ ಆಲಿಕಲ್ಲು, ಒಮ್ಮೆ ಬರ, ಒಮ್ಮೆ ಬೆಳೆರೋಗ. ಗೋಧಿ ಹೋಯಿತು. ನೀರು ನಿಂತರೂ ಬದುಕುವ, ನೀರಿಲ್ಲದಿದ್ದರೂ ಬದುಕುವ ಈ ನೀಲಿ ಹೂವಿನ ಗಿಡ ಮಾತ್ರ ನಿಂತಿತ್ತು. ಜನ ಅದನ್ನೇ ತಿಂದು ಜೀವ ಉಳಿಸಿಕೊಂಡರು. ಆಮೇಲೆ ಹಳ್ಳಿಗಳಲ್ಲಿ ಯುವಕರ ಕಾಲು ಸೋತದ್ದನ್ನು ಅಲ್ಲಿದ್ದ ಸ್ಲೀಮನ್ ಎಂಬ ಅಧಿಕಾರಿ ಬರೆದಿಟ್ಟಿದ್ದಾನೆ. ಅದಕ್ಕೂ ಮೊದಲು, 1811–12ರಲ್ಲಿ, ಮ್ಯಾಡ್ರಿಡ್ ನಗರದಲ್ಲಿ ಯುದ್ಧದಿಂದ ಕ್ಷಾಮ ಬಂದಾಗಲೂ ಇದೇ ಕಾಳಿನ ಗಂಜಿ. ಗೋಯಾ ಎಂಬ ದೊಡ್ಡ ಚಿತ್ರಕಾರ ಗಂಜಿಗಾಗಿ ಕೂತ ಬಡವರ ಚಿತ್ರ ಬರೆದು ಅದಕ್ಕೆ ‘ಈ ಕಾಳಿನ ದಯೆ’ ಎಂಬರ್ಥದ ಹೆಸರು ಕೊಟ್ಟ. ‘ವಿಷ’ ಎಂದು ಬರೆಯಲಿಲ್ಲ ನೋಡಿ. ನನಗೆ ಗೋಯಾ ಇಟ್ಟ ಹೆಸರೇ ಸರಿ ಅನಿಸುತ್ತದೆ. ಬೇರೆಲ್ಲ ಬೆಳೆ ಕೈಬಿಟ್ಟು ಓಡಿದ ಮೇಲೆ ಕಡೆಗೆ ಉಳಿದ ಗಿಡವನ್ನು ಹಿಡಿದು ಕಳ್ಳ ಎಂದರೆ ಹೇಗೆ?

ಕಾಳಿನಲ್ಲಿರುವ ಆ ವಸ್ತು ಯಾವುದು ಎಂದು ಪತ್ತೆಯಾದದ್ದು 1964ರಲ್ಲಿ. ಎಲ್ಲಿ ಗೊತ್ತೇ? ನಮ್ಮ ಬೆಂಗಳೂರಿನಲ್ಲಿ. ಜನ ‘ಟಾಟಾ ಇನ್‌ಸ್ಟಿಟ್ಯೂಟ್’ ಎನ್ನುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಸ್.ಎಲ್.ಎನ್. ರಾವ್, ಪಿ.ಆರ್. ಅಡಿಗ, ಪಿ.ಎಸ್. ಶರ್ಮ ಎಂಬ ಮೂವರು ಈ ಕಾಳಿನಿಂದ ಅದನ್ನು ಬೇರ್ಪಡಿಸಿ ಅದರ ರಚನೆ ಹೇಳಿದರು. ಅದೇ ವರ್ಷ ದೆಹಲಿಯಲ್ಲಿಯೂ ಬೇರೊಂದು ತಂಡ ಅದನ್ನೇ ಕಂಡುಹಿಡಿಯಿತು. ಅದರ ಉದ್ದನೆಯ ರಾಸಾಯನಿಕ ಹೆಸರನ್ನು ಚುಟುಕು ಮಾಡಿ ‘ಓಡಾಪ್’ ಎನ್ನುತ್ತಾರೆ. ಓಡುವ ಕಾಲನ್ನೇ ಹಿಡಿದು ನಿಲ್ಲಿಸುವುದಕ್ಕೆ ಓಡಾಪ್ ಎಂಬ ಹೆಸರು!

ಅದು ಮಾಡುವುದು ಹೀಗೆ. ನಮ್ಮ ನರಗಳು ಒಂದಕ್ಕೊಂದು ಸುದ್ದಿ ಮುಟ್ಟಿಸಲು ಗ್ಲುಟಮೇಟ್ ಎಂಬ ಅಣುವನ್ನು ಕಳಿಸುತ್ತವೆ. ಅದು ಬಂದು ಕರೆಗಂಟೆ ಒತ್ತಿ ಹೋಗುತ್ತದೆ. ಓಡಾಪ್ ನೋಡಲು ಗ್ಲುಟಮೇಟಿನ ಹಾಗೇ ಇದೆ. ಬಂದು ಗಂಟೆ ಒತ್ತುತ್ತದೆ, ಮತ್ತೆ ಮತ್ತೆ ಒತ್ತುತ್ತಲೇ ಇರುತ್ತದೆ. ಬಾಗಿಲು ತೆಗೆದು ತೆಗೆದು ನರಕೋಶ ದಣಿದು ಕೆಡುತ್ತದೆ. ಬರದ ವರ್ಷ, ನೀರಿಲ್ಲದೆ ಬೆಳೆದ ಗಿಡದ ಕಾಳಿನಲ್ಲಿ ಓಡಾಪ್ ಇನ್ನೂ ಹೆಚ್ಚು. ಜನರ ಹತ್ತಿರ ಬೇರೇನೂ ಇಲ್ಲದಿರುವ ವರ್ಷವೇ ಹೀಗಾಗುತ್ತದೆ ಎನ್ನುವುದು ಬೇಸರದ ಸಂಗತಿ. ಕಾಳನ್ನು ನೆನೆಸಿ, ಬೇಯಿಸಿ, ನೀರು ಚೆಲ್ಲಿದರೆ ಅದು ಬಹಳಷ್ಟು ಕಡಿಮೆಯಾಗುತ್ತದೆ. ಆದರೆ ಬರದಲ್ಲಿ ಚೆಲ್ಲುವಷ್ಟು ನೀರು ಯಾರಲ್ಲಿರುತ್ತದೆ?

ಭಾರತದಲ್ಲಿ ಇದರ ಮಾರಾಟವನ್ನು 1961ರಲ್ಲಿ ನಿಷೇಧಿಸಿದರು. ಆದರೂ ಛತ್ತೀಸಗಡ, ಬಿಹಾರ, ಬಂಗಾಳದ ರೈತರು ಬೆಳೆಯುವುದನ್ನು ಬಿಟ್ಟಿಲ್ಲ. ನನ್ನ ಗೆಳತಿ ಕಂಡದ್ದನ್ನು ಹೇಳುತ್ತೇನೆ. ಗದ್ದೆಯಲ್ಲಿ ಭತ್ತ ಇನ್ನೂ ನಿಂತಿರುವಾಗಲೇ, ಕೊಯ್ಲಿಗೆ ಒಂದೆರಡು ವಾರ ಮೊದಲು, ತೇವದ ಮಣ್ಣಿಗೆ ಈ ಕಾಳನ್ನು ಎರಚುತ್ತಾರೆ. ಭತ್ತದ ಕಾಲಡಿಯಲ್ಲೇ ಅದು ಮೊಳೆಯುತ್ತದೆ. ಭತ್ತ ಕೊಯ್ದ ಮೇಲೆ ಬಿಸಿಲಿಗೆ ತಲೆಯೆತ್ತುತ್ತದೆ. ಉಳುಮೆಯಿಲ್ಲ, ನೀರಾವರಿಯಿಲ್ಲ. ಈ ಪದ್ಧತಿಗೆ ಅಲ್ಲಿ ‘ಉತೇರಾ’ ಎನ್ನುತ್ತಾರೆ. ಇಂಥ ಗಿಡವನ್ನು ಕಳೆದುಕೊಳ್ಳಬಾರದು ಎಂದು ವಿಜ್ಞಾನಿಗಳು ಓಡಾಪ್ ಬಹಳ ಕಡಿಮೆಯಿರುವ ತಳಿಗಳನ್ನು ಮಾಡಿದ್ದಾರೆ. ದೆಹಲಿಯಿಂದ ‘ರತನ್’ ಬಂದಿದೆ. ರಾಯಪುರದ ಕೃಷಿ ವಿಶ್ವವಿದ್ಯಾಲಯದಿಂದ ‘ಪ್ರತೀಕ್’ ಮತ್ತು ‘ಮಹಾತೇವರಾ’.

ನಮ್ಮ ಪೊಟ್ಟಣದ ಕಾಳು ಯಾವ ತಳಿಯೋ ಗೆಳತಿಗೆ ಗೊತ್ತಿರಲಿಲ್ಲ. ಹಾಗಾಗಿ ನಮ್ಮ ಮನೆಯ ನಿಯಮ: ನೋಡುವುದು, ಮುಟ್ಟುವುದು, ಬಿತ್ತುವುದು. ತಿನ್ನುವುದಿಲ್ಲ. ತೋಟದಲ್ಲಿ ಇಂಥವು ಇನ್ನೂ ಇವೆ. ಚೌಕಾಬಾರಕ್ಕೆ ಕಾಯಿಯಾಗಿ ಬಳಸುವ ಕೆಂಪು ಗುಲಗಂಜಿಯೂ ಬಟಾಣಿಯ ಬಳಗದ್ದೇ, ಮತ್ತು ಹಲ್ಲುಕಾಳಿಗಿಂತ ಎಷ್ಟೋ ಪಾಲು ಅಪಾಯಕಾರಿ. ನರ್ಸರಿಯಲ್ಲಿ ಸಿಗುವ, ಘಮಘಮಿಸುವ ಸ್ವೀಟ್ ಪೀ ಹಲ್ಲುಕಾಳಿನ ಖಾಸಾ ತಂಗಿ. ಅದರ ಕಾಳೂ ತಿನ್ನುವಂಥದ್ದಲ್ಲ. ಹಲ್ಲುಕಾಳು ಸಿಗದಿದ್ದರೆ ನೀವು ಸ್ವೀಟ್ ಪೀ ಬಿತ್ತಬಹುದು. ಮಣ್ಣಲ್ಲಿ ಬುತ್ತಿ, ಹುಡುಕುವ ಕುಡಿ, ಕೆಂಪು ಗಂಟು, ಬಾವುಟ, ದೋಣಿ ಎಲ್ಲ ಅದರಲ್ಲೂ ಇದೆ. ಆ ನವಿಲುಗತ್ತಿನ ನೀಲಿ ಮಾತ್ರ ಸಿಗುವುದಿಲ್ಲ.

ಫೆಬ್ರವರಿ ಕೊನೆಗೆ ಗಿಡ ಒಣಗಿತು. ಕಾಯಿಗಳು ಗಲಗಲ ಅನ್ನತೊಡಗಿದಾಗ ಬಿಡಿಸಿ ಎಣಿಸಿದೆವು. ಇಪ್ಪತ್ತು ಕಾಳು ನೂರಾ ಹದಿನಾಲ್ಕಾಗಿದ್ದವು. ಪುಟ್ಟಿ ಹತ್ತು ಕಾಳನ್ನು ಅವಳ ಕ್ಲಾಸಿನ ಗೆಳತಿಗೆಂದು ಪೊಟ್ಟಣ ಕಟ್ಟಿಕೊಂಡಳು. ಉಳಿದದ್ದನ್ನು ಒಂದು ಹಾರ್ಲಿಕ್ಸ್ ಬಾಟಲಿಗೆ ಹಾಕಿ, ಅಡುಗೆಮನೆಯಿಂದ ದೂರ, ನನ್ನ ಪುಸ್ತಕದ ಕಪಾಟಿನ ಮೇಲಿನ ಸಾಲಿನಲ್ಲಿಟ್ಟೆವು. ಬಾಟಲಿಗೆ ಒಂದು ಚೀಟಿ ಬೇಕಲ್ಲ? ಲ್ಯಾಟಿನ್ ಹೆಸರು, ಬಿತ್ತಿದ ತಿಂಗಳು, ಕಾಳಿನ ಲೆಕ್ಕ ಎಲ್ಲ ಬರೆಯೋಣ ಎಂದೆ. ಪುಟ್ಟಿ ಕೇಳಲಿಲ್ಲ. ಕೆಂಪು ಸ್ಕೆಚ್ ಪೆನ್ನು ತೆಗೆದುಕೊಂಡು, ನಾಲಿಗೆ ಕಚ್ಚಿಕೊಂಡು, ದೊಡ್ಡ ಅಕ್ಷರದಲ್ಲಿ ತನಗೆ ಬೇಕಾದದ್ದನ್ನೇ ಬರೆದು ಅಂಟಿಸಿದಳು:

‘ಅಜ್ಜೀ, ಇದು ಬೇಳೆ ಅಲ್ಲ. ಹೂವು.’